ಖಲೀಲ್ ಸಾಹೇಬರ ಷರಾ ಕಾಲಂ

2012ರ ಜೂನ್ ತಿಂಗಳು. ಅಲ್ಲಾಳಸಂದ್ರ ಕೆರೆಗೆ ಸಮೀಪದ ಹವಾಮಾನ ತರಬೇತಿ ಕೇಂದ್ರವೊಂದರಲ್ಲಿ ನಾನು ಹಿರಿಯ ಬೋಧಕಿಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ವೀಕ್ಷಣಾಲಯಗಳಲ್ಲಿ ದಿನವೂ ಉಷ್ಣಾಂಶ, ಮಳೆ ಅಳೆದು ಬರೆಯುವ ಹನ್ನೆರಡು ಮಂದಿಗೆ ಆರು ವಾರ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ತಾವು ಬರೆದ ಅಂಕಿಗಳಿಂದಲೇ ತಮ್ಮ ಪ್ರದೇಶದ ಹವಾಮಾನ ಹೇಗೆ ಬದಲಾಗಿದೆ ಎಂದು ಲೆಕ್ಕ ಹಾಕಲು ಅವರು ಕಲಿಯಬೇಕಿತ್ತು. ಕೊನೆಯ ವಾರ ಮೇಲಿನ ಕಚೇರಿಗೆ ಒಂದು ಪಟ್ಟಿಯನ್ನೂ ಕಳಿಸಬೇಕಿತ್ತು. ಯಾವ ಕೇಂದ್ರದ ಅಂಕಿಗಳನ್ನು ನಂಬಬಹುದು, ಯಾವುದನ್ನು ಕೈಬಿಡಬೇಕು ಎಂಬ ಪಟ್ಟಿ ಅದು.

ಕೈಬಿಡುವುದು ಸಣ್ಣ ಮಾತಲ್ಲ. ನಾವು ಹುಡುಕುವ ಬದಲಾವಣೆ ಅರ್ಧ ಡಿಗ್ರಿಯ ಆಸುಪಾಸಿನದು. ಒಂದು ಥರ್ಮಾಮೀಟರ್ ಕೆಟ್ಟರೂ, ವೀಕ್ಷಕ ಸೋಮಾರಿಯಾದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ಆದ್ದರಿಂದ ಪ್ರತಿ ಕೇಂದ್ರದ ಅಂಕಿಗಳನ್ನು ಅಕ್ಕಪಕ್ಕದ ಕೇಂದ್ರಗಳ ಜೊತೆ ಹೋಲಿಸಿ ನೋಡುತ್ತೇವೆ. ಅಕ್ಕಪಕ್ಕದಲ್ಲಿ ಎಲ್ಲ ಸರಿಯಿದ್ದು ಒಂದೇ ಕಡೆ ನಕ್ಷೆಯ ಗೆರೆ ಕುಸಿದರೆ, ಅಲ್ಲೇನೋ ಎಡವಟ್ಟಾಗಿದೆ ಎಂದರ್ಥ.

ಹನ್ನೆರಡು ಮಂದಿಯಲ್ಲಿ ಎಲ್ಲರಿಗಿಂತ ಹಿರಿಯರು ಖಲೀಲ್ ಸಾಹೇಬರು. ವಯಸ್ಸು ಐವತ್ತೇಳು, ಮನೆ ಆರ್.ಟಿ. ನಗರ. ಯಲಹಂಕದಾಚೆಯ ಒಂದು ವೀಕ್ಷಣಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ವೀಕ್ಷಕರು. ಬೆಳಗಿನ ಎಂಟೂವರೆಯ ಅಳತೆ ತಪ್ಪಬಾರದೆಂದು ಅಷ್ಟೂ ವರ್ಷ ಮೊದಲ ಬಸ್ಸು ಹಿಡಿದವರು. ಕಂಪ್ಯೂಟರ್ ಮಾತ್ರ ಮುಟ್ಟಿದವರಲ್ಲ. ಟಿ. ದಾಸರಹಳ್ಳಿಯಿಂದ ಬರುತ್ತಿದ್ದ ಮಂಜುಳಾ ಎಂಬ ಚುರುಕು ಹುಡುಗಿ ಅವರ ಪಕ್ಕ ಕೂರುತ್ತಿದ್ದಳು. "ಸರ್, ಮೌಸ್ ಏನೂ ಕಚ್ಚಲ್ಲ, ಗಟ್ಟಿಯಾಗಿ ಹಿಡ್ಕೊಳಿ" ಎಂದು ರೇಗಿಸುವಳು. "ನಾನು ಥರ್ಮಾಮೀಟರ್ ಹಿಡಿದ ಕೈ ಅಮ್ಮಾ, ಗಟ್ಟಿಯಾಗಿ ಹಿಡಿದ್ರೆ ಒಡೆದ್ಹೋಗುತ್ತೆ ಅಂತ ಭಯ" ಎಂದು ಅವರು ನಗುವರು. ಇವರಿಗೆ ಈ ವಯಸ್ಸಿನಲ್ಲಿ ಈ ತರಬೇತಿ ಯಾಕಪ್ಪಾ ಎಂದು ನಾನು ಒಳಗೊಳಗೇ ಗೊಣಗಿಕೊಂಡದ್ದೂ ನಿಜ.

ನಾಲ್ಕನೆಯ ವಾರ ಒಂದು ಕೆಟ್ಟ ಉದಾಹರಣೆ ತೋರಿಸಬೇಕೆನಿಸಿತು. ಒಂದು ಕೇಂದ್ರದ ಕನಿಷ್ಠ ಉಷ್ಣಾಂಶದ ಗೆರೆಯನ್ನು ಪರದೆಯ ಮೇಲೆ ಹಾಕಿದೆ. ಹೆಸರು ಮುಚ್ಚಿದ್ದೆ, ಕೇಂದ್ರದ ಸಂಖ್ಯೆ ಮಾತ್ರ ಕಾಣುತ್ತಿತ್ತು. ಆ ಸಂಖ್ಯೆಯ ಹಿಂದೆ ಯಾರಿದ್ದಾರೆಂದು ನಾನೂ ನೋಡಿರಲಿಲ್ಲ. 2003ರಲ್ಲಿ ಒಂಬತ್ತು ತಿಂಗಳು ಆ ಗೆರೆ ಅಂಕುಡೊಂಕಾಗಿ ಕೆಳಗಿಳಿದು, ಆಮೇಲೆ ಒಂದೇ ದಿನದಲ್ಲಿ ಅರ್ಧ ಡಿಗ್ರಿಯಷ್ಟು ಮೇಲೆ ಹಾರಿತ್ತು.

ನನಗೆ ಬಾಯಿ ಸ್ವಲ್ಪ ಜೋರು, ಮೊದಲಿಂದಲೂ. "ನೋಡ್ರೀ, ಈ ಪುಣ್ಯಾತ್ಮ ಒಂಬತ್ತು ತಿಂಗಳು ಥರ್ಮಾಮೀಟರ್ ಇಟ್ಟ ಪೆಟ್ಟಿಗೆಯ ಬಾಗಿಲೇ ತೆಗೆದಿಲ್ಲ. ಮನೇಲಿ ಕೂತು ಬಾಯಿಗೆ ಬಂದ ಅಂಕಿ ಬರೆದಿದ್ದಾನೆ. ಇಂಥವನ ಒಂದು ವರ್ಷ ಕೆಟ್ಟರೆ ಉಳಿದ ವರ್ಷಗಳನ್ನ ಹೇಗೆ ನಂಬೋದು? ಇಡೀ ಕೇಂದ್ರವನ್ನೇ ಪಟ್ಟಿಯಿಂದ ಬಿಟ್ಟುಬಿಡಿ" ಎಂದೆ. ಹೇಳಿದ್ದು ಮಾತ್ರವಲ್ಲ, ಪಟ್ಟಿಯಲ್ಲಿ ಆ ಸಂಖ್ಯೆಯ ಎದುರು 'ಕೈಬಿಡಬಹುದು' ಎಂದು ಬರೆದೂಬಿಟ್ಟೆ.

ಖಲೀಲ್ ಸಾಹೇಬರು ಎದ್ದು ನಿಂತರು. ಮುಖದಲ್ಲಿ ರಕ್ತವಿರಲಿಲ್ಲ.

"ಮೇಡಂ, ಆ ಪುಣ್ಯಾತ್ಮ ನಾನೇ."

ನನ್ನ ಕಿವಿ ಬಿಸಿಯಾಯಿತು. ಆದರೂ ಹಟ ಬಿಡಬೇಕಲ್ಲ! "ಅಂಕಿ ಹೀಗಿದೆಯಲ್ಲ ಸಾಹೇಬ್ರೇ, ನಾನೇನು ಮಾಡ್ಲಿ?" ಎಂದೆ.

"ಅಂಕಿ ಪಕ್ಕದಲ್ಲಿ ದಿನಾ ಷರಾ ಬರ್ದಿದ್ದೀನಲ್ಲ ಮೇಡಂ. ಅದನ್ನ ನೋಡಿದ್ರಾ?"

ನೋಡಿರಲಿಲ್ಲ. ನೋಡುವುದಕ್ಕೆ ಕಂಪ್ಯೂಟರಿನಲ್ಲಿ ಷರಾ ಕಾಲಂ ಇರಲೇ ಇಲ್ಲ.

ಮರುದಿನ ಅವರು 2003ರ ರಿಜಿಸ್ಟರನ್ನು ಹೊತ್ತು ತಂದರು. ಜೂನ್ ಮಳೆಗೆ ನೆನೆಯಬಾರದೆಂದು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೊಂದು ಟವೆಲು ಕಟ್ಟಿದ್ದರು. ಪುಟ ತೆರೆದೆ. ಪ್ರತಿ ದಿನದ ಅಂಕಿಯ ಪಕ್ಕ, ಬಲತುದಿಯ ಷರಾ ಕಾಲಂನಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರ. 'ಡ್ರೈ ಬಲ್ಬ್‌ಗಿಂತ 0.2 ಕಡಿಮೆ.' 'ಇಂದು 0.3 ಕಡಿಮೆ. ಹೊಸದಕ್ಕೆ ಪತ್ರ ಬರೆದಿದೆ.' 'ಕೊಡವಿ ನೋಡಿದೆ, ಸರಿಹೋಗಲಿಲ್ಲ. 0.4.'

ಇದರ ಅರ್ಥ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕನಿಷ್ಠ ಉಷ್ಣಾಂಶ ಅಳೆಯುವ ಥರ್ಮಾಮೀಟರಿನಲ್ಲಿ ಪಾದರಸದ ಬದಲು ಸ್ಪಿರಿಟ್ ಇರುತ್ತದೆ. ಬೆಳಗ್ಗೆ ಓದಿದ ಮೇಲೆ ಅದನ್ನು ಓರೆ ಮಾಡಿ ಮರುಹೊಂದಿಸಬೇಕು. ಆಗ ಅದು, ಗಾಳಿಯ ಆ ಹೊತ್ತಿನ ಉಷ್ಣಾಂಶ ತೋರಿಸುವ ಪಕ್ಕದ ಡ್ರೈ ಬಲ್ಬ್ ಥರ್ಮಾಮೀಟರಿನಷ್ಟೇ ತೋರಿಸಬೇಕು. ಕೆಲವೊಮ್ಮೆ ಸ್ಪಿರಿಟ್ ಆವಿಯಾಗಿ ಕೊಳವೆಯ ಮೇಲ್ತುದಿಗೆ ಅಂಟಿಕೊಂಡರೆ, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಖಲೀಲ್ ಸಾಹೇಬರಿಗೆ ಇದು ಮೊದಲ ವಾರವೇ ಗೊತ್ತಾಗಿದೆ. ಕಂಡ ಅಂಕಿಯನ್ನು ತಿದ್ದುವಂತಿಲ್ಲ ಎಂಬುದು ನಮ್ಮ ನಿಯಮ. ಅವರು ತಿದ್ದಲಿಲ್ಲ. ಕಂಡದ್ದನ್ನು ಕಂಡಂತೆ ಬರೆದು, ಎಷ್ಟು ತಪ್ಪಿದೆ ಎಂಬುದನ್ನು ಷರಾದಲ್ಲಿ ಬರೆದರು. ಹೊಸ ಥರ್ಮಾಮೀಟರ್ ಬರುವ ತನಕ, ಒಂಬತ್ತು ತಿಂಗಳು, ಭಾನುವಾರವೂ ಬಿಡದೆ.

ಮಂಜುಳಾ ಅಷ್ಟೂ ಷರಾಗಳನ್ನು ಟೈಪ್ ಮಾಡಿ, ಎಷ್ಟು ಕಡಿಮೆಯೋ ಅಷ್ಟನ್ನು ಆಯಾ ದಿನದ ಅಂಕಿಗೆ ಕೂಡಿಸಿದಳು. ಸಾಹೇಬರು ಪಕ್ಕದಲ್ಲಿ ಕೂತು ಓದಿ ಹೇಳಿದರು. ಎರಡು ದಿನ ಹಿಡಿಯಿತು. ಗೆರೆಯನ್ನು ಮತ್ತೆ ಪರದೆಗೆ ಹಾಕಿದಾಗ ಕುಸಿತವೂ ಇಲ್ಲ, ಹಾರಿಕೆಯೂ ಇಲ್ಲ. ಅಕ್ಕಪಕ್ಕದ ಕೇಂದ್ರಗಳ ಜೊತೆ ಸಮನಾಗಿ ನಡೆದಿತ್ತು. "ಅಬ್ಬಾ, ಸರ್!" ಎಂದು ಮಂಜುಳಾ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ನನಗೆ ಮಾತ್ರ ಕೈ ಏಳಲಿಲ್ಲ.

ಯಾಕೆಂದರೆ ಷರಾ ಕಾಲಂ ಕಂಪ್ಯೂಟರಿನಲ್ಲಿ ಯಾಕಿಲ್ಲ ಎಂಬುದು ನನಗೆ ನೆನಪಾಗಿತ್ತು. 2003ಕ್ಕೂ ಐದಾರು ವರ್ಷ ಮುಂಚೆ, ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದ ಉಸ್ತುವಾರಿ ನನ್ನದಾಗಿತ್ತು. 'ಅಂಕಿಗಳನ್ನು ಮಾತ್ರ ಏರಿಸತಕ್ಕದ್ದು, ಷರಾ ಅಗತ್ಯವಿಲ್ಲ' ಎಂದು ಸುತ್ತೋಲೆ ಹೊರಡಿಸಿದವಳು ನಾನೇ. ಆಮೇಲಿನ ವರ್ಷಗಳ ರಿಜಿಸ್ಟರುಗಳಿಗೂ ಅದೇ ನಿಯಮ ಉಳಿಯಿತು. ಕೆಲಸ ಬೇಗ ಮುಗಿಸಿದ್ದಕ್ಕೆ ಶಹಬ್ಬಾಸ್‌ಗಿರಿಯನ್ನೂ ಗಿಟ್ಟಿಸಿದ್ದೆ. ಎಷ್ಟು ಜನರ ಷರಾ ಹಾಗೆ ಹೋಯಿತೋ, ಲೆಕ್ಕವಿಲ್ಲ.

ಇಡೀ ಕ್ಲಾಸಿನ ಎದುರೇ ಇದನ್ನು ಹೇಳಿ, ಸಾಹೇಬರ ಕ್ಷಮೆ ಕೇಳಿದೆ. ಅವರಿಗೆ ಮುಜುಗರವಾಯಿತು.

"ಬಿಡಿ ಮೇಡಂ. ಆ ಸುತ್ತೋಲೆ ನಮ್ಮ ಕೇಂದ್ರಕ್ಕೂ ಬಂದಿತ್ತು."

"ಹಾಗಾದ್ರೆ ಷರಾ ಯಾರೂ ಓದಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಏರಿಸ್ಬೇಡಿ ಅಂತ ಇತ್ತು, ಬರೀಬೇಡಿ ಅಂತ ಇರ್ಲಿಲ್ಲ. ಥರ್ಮಾಮೀಟರ್ ತಪ್ಪು ತೋರಿಸ್ತಿದೆ ಅಂತ ಗೊತ್ತಿದ್ದು ನನಗೊಬ್ಬನಿಗೇ. ನಾನೂ ಸುಮ್ನಿದ್ರೆ ಹೇಗೆ?"

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಈ ಉದ್ಯೋಗ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ ಆ ಮಾತನ್ನೇ ಹೇಳುತ್ತೇನೆ. ಹವಾಮಾನ ಬದಲಾವಣೆಯ ದೊಡ್ಡ ದೊಡ್ಡ ನಕ್ಷೆಗಳೆಲ್ಲ ನಿಂತಿರುವುದು, ಯಾರೂ ನೋಡದಿದ್ದರೂ ಎಂಟೂವರೆಗೆ ಪೆಟ್ಟಿಗೆಯ ಬಾಗಿಲು ತೆಗೆಯುವ ಇಂಥವರ ಮೇಲೆ. ಒಂದು ಅಂಕಿಯನ್ನು ತಪ್ಪೆನ್ನುವ ಮೊದಲು, ಅದನ್ನು ಬರೆದವರನ್ನು ಒಂದು ಮಾತು ಕೇಳಬೇಕು. ಆಮೇಲಿನ ನನ್ನ ಪ್ರತಿ ತರಬೇತಿಯೂ ಷರಾ ಕಾಲಂ ಓದುವುದರಿಂದಲೇ ಶುರುವಾಯಿತು.

ಕೊನೆಯ ದಿನ ಪಟ್ಟಿಗೆ ಸಹಿ ಹಾಕುವಾಗ ಸಾಹೇಬರನ್ನು ಪಕ್ಕಕ್ಕೆ ಕರೆದೆ. ಅವರ ಕೇಂದ್ರದ ಎದುರು ನಾನು ಬರೆದಿದ್ದ 'ಕೈಬಿಡಬಹುದು' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದೆ: 'ಉಳಿಸಿಕೊಂಡಿದೆ. ತಪ್ಪು ವೀಕ್ಷಕರದಲ್ಲ, ನನ್ನದು.' ಸಹಿ ಹಾಕಿ ಅವರ ಕಡೆ ತಿರುಗಿಸಿದೆ.

ಖಲೀಲ್ ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಕಣ್ಣು ಒದ್ದೆಯಾಗಿತ್ತು. ಆದರೂ ಕಾಗದವನ್ನು ನನ್ನ ಕಡೆಗೇ ಸರಿಸಿದರು.

"ತಾರೀಕು ಹಾಕಿ ಮೇಡಂ. ತಾರೀಕಿಲ್ಲದ ಷರಾ ನಡೆಯಲ್ಲ."