ಅಳತೆಯಮ್ಮ ಕೊಂಡ ವೈನ್ ಫ್ರಿಜ್

ಸೊಸೆ ಆ ಮನೆಯ ಹೊಸ್ತಿಲನ್ನು ಮೊದಲ ಸಲ ದಾಟಿದ ದಿನ ಅವಳಿನ್ನೂ ಸೊಸೆಯಾಗಿರಲಿಲ್ಲ. ಮದುವೆಯಾಗಬೇಕೆಂದಿದ್ದವನ ಬೆನ್ನ ಹಿಂದೆ ಅಳುಕುತ್ತ ಬಂದಿದ್ದಳು. ಮುಂದಿನ ಕೋಣೆಯಲ್ಲಿ ಎತ್ತರದ ಮೇಜಿನ ಮುಂದೆ ನಿಂತು, ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ನೀಲಿ ಬಟ್ಟೆ ಕತ್ತರಿಸುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದರು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಕತ್ತರಿಯನ್ನು ಕೆಳಗಿಟ್ಟು, ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಅವಳ ಭುಜದಿಂದ ಭುಜಕ್ಕೆ ಹಿಡಿದರು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಸೂಜಿಮೆತ್ತೆಗೆ ಚುಚ್ಚಿದರು.

"ಎಡ ಭುಜ ಒಂಚೂರು ಇಳಿದಿದೆ. ಚೀಲ ಹಾಕ್ಕೊಳ್ಳೋದು ಆ ಕಡೆನಾ?"

"ಹೌದು."

"ಕಡೆ ಬದಲಾಯಿಸ್ತಾ ಇರು ಮಗಳೇ. ಇಲ್ಲಾಂದ್ರೆ ನಾನು ಜೀವನಪೂರ್ತಿ ನಿನ್ನ ಎರಡು ತೋಳನ್ನೂ ಬೇರೆ ಬೇರೆ ಅಳತೆಗೆ ಹೊಲೀಬೇಕಾಗುತ್ತೆ."

ಜೀವನಪೂರ್ತಿ ಎಂಬ ಮಾತಿನಲ್ಲಿಯೇ ಒಪ್ಪಿಗೆಯಿತ್ತೆಂಬುದು ಅವಳಿಗೆ ಹೊಳೆದದ್ದು ಮನೆಗೆ ಹಿಂತಿರುಗುವಾಗ, ಬಸ್ಸಿನಲ್ಲಿ.

ಬೀದಿಯವರು ಅತ್ತೆಯನ್ನು ಕರೆಯುತ್ತಿದ್ದುದು ಅಳತೆಯಮ್ಮ ಎಂದು. ಅವರು ಹೊಲಿದ ಬಟ್ಟೆ ಬಿಗಿಯಾಯಿತೆಂದಾಗಲಿ ಸಡಿಲವಾಯಿತೆಂದಾಗಲಿ ಹಿಂದಕ್ಕೆ ಬಂದದ್ದಿಲ್ಲ. ಅಂಗಡಿಯ ಅಂಗಿ ತಂದು "ಸ್ವಲ್ಪ ಸರಿಮಾಡಿ ಕೊಡಿ" ಎಂದವರಿಗೆ, "ಕಟ್ಟಿಕೊಂಡ ಮೇಲೆ ಗಂಡನ್ನ ಸರಿಮಾಡಿಸೋಕೆ ತಂದ ಹಾಗಾಯ್ತು, ಮೊದಲೇ ನನ್ನ ಕೇಳ್ಬೇಕಿತ್ತು" ಎಂದು ನಗಿಸಿ, ಬೈದು, ಸರಿಮಾಡಿಯೇ ಕಳಿಸುತ್ತಿದ್ದರು.

ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಬಸ್ಸಿನಲ್ಲಿ ನಿದ್ದೆಹೋದ ಮಗು ಎಂಥ ತಿರುವಿನಲ್ಲಿಯೂ ಎಚ್ಚರಗೊಳ್ಳುತ್ತಿರಲಿಲ್ಲವೆಂಬುದು ಅವರ ಒಂದು ಹೆಮ್ಮೆ. ಇನ್ನೊಂದು ಹೆಮ್ಮೆ ಹಿತ್ತಿಲ ಗೋಡೆಗೆ ಹಬ್ಬಿದ್ದ ದ್ರಾಕ್ಷಿಬಳ್ಳಿ. ಆ ಮನೆಗೆ ಬಂದ ವರ್ಷವೇ ಗಂಡಹೆಂಡಿರು ನೆಟ್ಟದ್ದು. ವರ್ಷವರ್ಷವೂ ಅದರ ಹಣ್ಣನ್ನು ಹಿಂಡಿ ಮಾವ ವೈನ್ ಮಾಡುತ್ತಿದ್ದರು, ಸೀಸೆಗಳನ್ನು ಮಂಚದ ಕೆಳಗೆ ಮಲಗಿಸುತ್ತಿದ್ದರು. ಅತ್ತೆ ಕುಡಿಯುತ್ತಿದ್ದುದು ವರ್ಷಕ್ಕೆ ಒಂದು ಲೋಟವಾದರೂ ಅದರ ಬಗ್ಗೆ ಇಡೀ ವರ್ಷ ಮಾತಾಡುವ ಹಕ್ಕನ್ನು ಉಳಿಸಿಕೊಂಡಿದ್ದರು.

ಹೊಲಿಗೆಕೋಣೆಗೆ ಮಾತ್ರ ವೈನ್ ಬರಕೂಡದು. ಹಿಂದೊಮ್ಮೆ ಮಾವ ಅಲ್ಲಿ ನಿಂತು ಸೀಸೆಯ ಬಿರಡೆ ಕಿತ್ತಾಗ ಅದು ಚಿಮ್ಮಿ, ಅಂದೇ ಹೊಲಿದು ಮುಗಿಸಿದ ಯಾರದೋ ಬಿಳಿ ಕೋಟು ಗುಲಾಬಿಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಆ ಕೋಣೆಯ ಹೊಸ್ತಿಲೇ ಗಡಿ. ಮಾವನಿಗೆ ಪ್ರವೇಶವುಂಟು, ಅವರ ಕೈಯ ಲೋಟಕ್ಕಿಲ್ಲ.

ಸೊಸೆ ಬಂದ ಮೇಲಿನ ಎರಡನೆಯ ಮಳೆಗಾಲದಲ್ಲಿ ಹಿತ್ತಿಲ ಗೋಡೆ ಕುಸಿಯಿತು. ಬಳ್ಳಿ ಬುಡಸಮೇತ ಮುರಿಯಿತು. ಮಾವ ಅದನ್ನು ಎತ್ತಿ ನಿಲ್ಲಿಸಿ, ಕಟ್ಟಿ, ನೀರೆರೆದು ನೋಡಿದರು, ಚಿಗುರಲಿಲ್ಲ. ಉಳಿದದ್ದು ಕೊನೆಯ ಹಣ್ಣಿನಿಂದ ಮಾಡಿದ ಸೀಸೆಗಳಷ್ಟೇ. ಮುಂದಿನ ಬೇಸಗೆಯ ಸೆಕೆಗೆ ಅವುಗಳಲ್ಲಿ ಕೆಲವು ಹುಳಿಯಾಗಿ ವಿನಿಗರ್ ಆದವು. ಮಾವ ಆ ಹುಳಿಯನ್ನು ಬಟ್ಟೆಗೆ ಹಚ್ಚಿ ಮನೆಯ ಕಿಟಕಿಗಾಜುಗಳನ್ನೆಲ್ಲ ಒರೆಸಿದರು. ಗಾಜು ಅಷ್ಟು ಹೊಳೆದದ್ದನ್ನು ಸೊಸೆ ಹಿಂದೆಂದೂ ನೋಡಿರಲಿಲ್ಲ. ಅತ್ತೆ ಹೊಲಿಗೆಯನ್ನು ನಿಲ್ಲಿಸಿ, ಗಂಡ ಏಣಿಯ ಮೇಲೆ ನಿಂತು ಒಂದೇ ಗಾಜನ್ನು ಮತ್ತೆ ಮತ್ತೆ ಒರೆಸುವುದನ್ನು ಬಹಳ ಹೊತ್ತು ನೋಡಿದರು.

"ಇದೇ ಸೆಕೆ ಮುಂದುವರಿದ್ರೆ ಉಳಿದಿದ್ದೂ ಕಿಟಕಿ ಪಾಲು" ಎಂದರು ಸೊಸೆಯ ಕಿವಿಯಲ್ಲಿ. "ಔಷಧಿ ಅಂಗಡೀಲಿ ನೀನು ತಂಪಾಗಿ ಇಡೋ ಔಷಧಿನೆಲ್ಲ ಯಾತರಲ್ಲಿಡ್ತೀಯ?"

"ಫ್ರಿಜ್‌ನಲ್ಲಿ. ಆದ್ರೆ ಅತ್ತೆ, ವೈನ್‌ಗೆ ಅಷ್ಟು ತಂಪು ಆಗಲ್ಲ. ಅದಕ್ಕೇ ಅಂತ ಬೇರೆ ಫ್ರಿಜ್ ಬರುತ್ತೆ. ಚಿಕ್ಕದು, ಅಡುಗೆಕಟ್ಟೆ ಕೆಳಗೆ ಕೂರುತ್ತೆ."

"ಸರಿ. ಇವರಿಗೆ ಹೇಳ್ಬೇಡ. ಕೇಳಿದ್ರೆ ಬೇಡ ಅಂತಾರೆ, ಕೊಟ್ರೆ ಖುಷಿ ಪಡ್ತಾರೆ. ಹುಟ್ಟುಗುಣ."

ಅಡುಗೆಕಟ್ಟೆಯ ಕೆಳಗೆ, ಎರಡು ಇಟ್ಟಿಗೆಗೋಡೆಗಳ ನಡುವೆ, ಹಳೆಯ ಡಬ್ಬಗಳನ್ನು ತುರುಕಿದ್ದ ಒಂದು ಗೂಡಿತ್ತು. ಅತ್ತೆ ಡಬ್ಬಗಳನ್ನು ಹೊರಗೆಳೆದು, ಮಂಡಿಯೂರಿ ಟೇಪು ಹಿಡಿದರು. ಎತ್ತರ, ಆಳಗಳಿಗೆ ಬೇಕಾದಷ್ಟು ಜಾಗವಿತ್ತು. ಅಗಲ ಇಪ್ಪತ್ತನಾಲ್ಕು ಇಂಚು.

ಅಂಗಡಿಯಲ್ಲಿ ಫ್ರಿಜ್ಜು ತೋರಿಸಿದ ಹೆಣ್ಣುಮಗಳು ಬಹಳ ತಾಳ್ಮೆಯವಳು. ಮೊದಲು ಎರಡು ಖಾನೆಯದನ್ನು ತೋರಿಸಿದಳು. ಮೇಲಿನ ಖಾನೆ ಬಿಳಿ ವೈನಿಗೆ, ಕೆಳಗಿನದು ಕೆಂಪಿಗೆ, ಎರಡಕ್ಕೂ ಬೇರೆ ಬೇರೆ ತಂಪು.

"ನಮ್ಮನೇಲಿ ಒಂದೇ ಬಣ್ಣ" ಎಂದರು ಅತ್ತೆ. "ಮುಂದಿನದು ತೋರಿಸಮ್ಮ."

ಮುಂದಿನದು ನೋಡಲು ಅಂದವಾಗಿತ್ತು. ಆದರೆ ಅದರ ಬಿಸಿಗಾಳಿ ಹೊರಬೀಳುತ್ತಿದ್ದುದು ಹಿಂಭಾಗದಿಂದ. ಕಟ್ಟೆಯ ಕೆಳಗಿನ ಗೂಡಿಗೆ ಅದಾಗದು, ಬಿಸಿ ಒಳಗೇ ನಿಂತು ಯಂತ್ರ ಕೆಡುತ್ತದೆ, ಮುಂದಿನಿಂದ ಗಾಳಿ ಬಿಡುವಂಥದ್ದೇ ಬೇಕು ಎಂದಳು ಅವಳು.

"ಅಂದ್ರೆ ಕುತ್ತಿಗೆ ಬಿಗಿಯಾದ ಅಂಗಿ ಹಾಕ್ಕೊಂಡು ಓಡಿದ ಹಾಗೆ."

"ಹೌದಮ್ಮ, ಹಾಗೇ."

ಮುಂದಿನಿಂದ ಗಾಳಿ ಬಿಡುವಂಥವು ಮೂರಿದ್ದವು. ಅತ್ತೆ ಒಂದೊಂದರ ನೆತ್ತಿಯ ಮೇಲೂ ಅಂಗೈಯಿಟ್ಟು ಕಣ್ಣು ಮುಚ್ಚಿಕೊಂಡರು. ಸೀಸೆಯನ್ನು ಅಲುಗಿಸಬಾರದು, ಮಲಗಿಸಿದ ಮಗುವಿನ ಹಾಗೆ ನೋಡಿಕೊಳ್ಳಬೇಕು ಎಂದು ಗಂಡ ಹೇಳುತ್ತಿದ್ದುದು ಅವರ ತಲೆಯಲ್ಲಿತ್ತು. ಅಂಗೈ ಸಾಲದೆ ಹೋಯಿತು. ನೀರು ತುಂಬಿದ ಗಾಜಿನ ಸೀಸೆ ತರಿಸಿ ಒಳಗಿಡಿಸಿ, ನೀರಿನ ಅಂಚು ನಡುಗುವುದೇ ಎಂದು ಬಗ್ಗಿ ನೋಡತೊಡಗಿದರು. ಹಿಂದೆ ನಿಂತಿದ್ದ ಗಿರಾಕಿಗಳೂ ಬಗ್ಗಿದರು. ಮೂರನೆಯದರಲ್ಲಿ ನೀರು ಕನ್ನಡಿಯ ಹಾಗೆ ನಿಂತಿತ್ತು.

"ಇದೇ" ಎಂದರು ಅತ್ತೆ.

"ಅಮ್ಮ, ಇದಕ್ಕೆ ಗೂಡಿನ ಅಗಲ ಪೂರ್ತಿ ಇಪ್ಪತ್ನಾಲ್ಕು ಇಂಚು ಬೇಕು. ಇದು ಕೊನೇ ಪೀಸು, ನೋಡೋಕೆ ಇಟ್ಟಿದ್ದು, ವಾಪಸ್ ತಗೊಳ್ಳೋದಿಲ್ಲ. ಬೇಕಾದ್ರೆ ಇನ್ನೊಂದ್ಸಲ ಅಳೆದು ನೋಡಿ ಬನ್ನಿ."

ಸೊಸೆಗೂ ಹಾಗೆಯೇ ಅನಿಸಿತು. ಆದರೆ ಅತ್ತೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

"ಅಳತೆ ನಾನೇ ತಗೊಂಡಿದ್ದೀನಿ" ಎಂದರು ಅತ್ತೆ. ಆ ಮಾತಿಗೆ ಬೀದಿಯಲ್ಲಿ ಯಾರೂ ಎದುರಾಡಿದ್ದಿಲ್ಲ.

ಫ್ರಿಜ್ಜು ಬಂದಾಗ ಮಾವ ಅದರ ಗಾಜಿನ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದರು. "ಯಾಕೆ ಬೇಕಿತ್ತು ಇದೆಲ್ಲ" ಎನ್ನುತ್ತಲೇ ಒಳಗಿನ ಮರದ ಹಲಗೆಯನ್ನು ಬೆರಳಿನಿಂದ ಸವರಿದರು. ಕರೆಸಿದ್ದ ಬಡಗಿಯೂ ಮನೆಯ ಮಗನೂ ಎರಡು ಕಡೆ ಹಿಡಿದು ಗೂಡಿನೊಳಗೆ ನೂಕಿದರು. ಹೋಗಲಿಲ್ಲ. ಕೊಂಚ ಓರೆಮಾಡಿ ನೂಕಿದರೂ ಹೋಗಲಿಲ್ಲ. ಬಡಗಿ ಸೊಂಟದಿಂದ ಉಕ್ಕಿನ ಟೇಪು ತೆಗೆದು ಅಳೆದ.

"ಅರ್ಧ ಇಂಚು ಕಮ್ಮಿ ಇದೆಯಮ್ಮ."

"ನಿನ್ನ ಟೇಪು ಸರಿಯಿಲ್ಲ."

"ಅಂಗಡಿಯೋರ ಹತ್ರಾನೂ ಇಂಥದ್ದೇ ಇರೋದು."

ಅತ್ತೆ ಕೊರಳಿನ ಟೇಪು ತೆಗೆದು ತಾವೇ ಅಳೆದರು. ಇಪ್ಪತ್ತನಾಲ್ಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಬಡಗಿ ಎರಡು ಟೇಪುಗಳನ್ನೂ ನೆಲದ ಮೇಲೆ ಒಂದರ ಪಕ್ಕ ಒಂದು ಚಾಚಿದ. ಎಲ್ಲರೂ ಬಗ್ಗಿದರು. ಅತ್ತೆಯ ಟೇಪಿನ ತುದಿಯಲ್ಲಿ ಲೋಹದ ಪಟ್ಟಿಯಿರಲಿಲ್ಲ. ಅದು ಕಳಚಿಬಿದ್ದು ಎಷ್ಟೋ ಕಾಲವಾಗಿತ್ತು. ನೂಲು ಬಿಟ್ಟ ಅಂಚನ್ನು ಅತ್ತೆ ಕತ್ತರಿಸಿ, ಮತ್ತೆ ಬಿಚ್ಚದ ಹಾಗೆ ಅಂದವಾಗಿ ಹೊಲಿದಿದ್ದರು. ಆ ಕತ್ತರಿಗೆ ಹೋದದ್ದು ಅರ್ಧ ಇಂಚು.

ಮೈ ಅಳೆದದ್ದೂ ಆ ಟೇಪೇ, ಬಟ್ಟೆ ಅಳೆದದ್ದೂ ಆ ಟೇಪೇ. ಅಲ್ಲಿ ಕಳೆದದ್ದು ಇಲ್ಲಿಯೂ ಕಳೆಯುತ್ತಿತ್ತು, ಬಟ್ಟೆ ಮೈಗೆ ಸರಿಯಾಗಿಯೇ ಕೂರುತ್ತಿತ್ತು. ಆ ಟೇಪು ಹೊಲಿಗೆಕೋಣೆಯ ಹೊರಗಿನ ವಸ್ತುವನ್ನು ಅಳೆದದ್ದು ಅದೇ ಮೊದಲ ಸಲ.

ಮಾವ ತಮ್ಮ ಹೊಟ್ಟೆ ಸವರಿಕೊಂಡು ಹೇಳಿದರು: "ಅಂದ್ರೆ ನಾನು ಇಷ್ಟು ವರ್ಷ ಅಂದುಕೊಂಡಿದ್ದಕ್ಕಿಂತ ಅರ್ಧ ಇಂಚು ತೆಳ್ಳಗಿದ್ದೀನಿ ಅಂತಾಯ್ತು. ಒಳ್ಳೇ ಸುದ್ದಿನೇ."

ಮಗ ನಕ್ಕ, ಬಡಗಿ ನಕ್ಕ. ಅತ್ತೆ ನಗಲಿಲ್ಲ. "ಪಕ್ಕದ ಗೋಡೆ ಸ್ವಲ್ಪ ಕೆತ್ತಿಬಿಡು" ಎಂದರು ಬಡಗಿಗೆ.

"ಮೇಲಿನ ಕಲ್ಲು ನಿಂತಿರೋದೇ ಆ ಗೋಡೆ ಮೇಲೆ. ಕೆತ್ತಿದ್ರೆ ಕಟ್ಟೆ ಬಿರುಕು ಬಿಡುತ್ತೆ. ಇದು ಬಟ್ಟೆ ಅಲ್ಲಮ್ಮ, ಹೊಲಿಗೆ ಬಿಚ್ಚಿ ಸಡಿಲ ಮಾಡೋಕೆ."

ಫ್ರಿಜ್ಜು ನಡುಮನೆಯಲ್ಲಿಯೇ ನಿಂತಿತು, ದಾರಿಗಡ್ಡ ನಿಂತ ನೆಂಟನ ಹಾಗೆ. ಅಲ್ಲಿ ಅದಕ್ಕೆ ಕರೆಂಟಿನ ಪ್ಲಗ್ಗೂ ಇರಲಿಲ್ಲ. ಹೊರಗೆ ಬಿಸಿಲು ದಿನದಿನಕ್ಕೆ ಏರುತ್ತಿತ್ತು. ಮಾವ ಸೀಸೆಗಳನ್ನು ತಂಪಾಗಿಡಲು ಒದ್ದೆ ಗೋಣಿಚೀಲಗಳನ್ನು ಹೊತ್ತು ಮಂಚದ ಕೆಳಗೆ ತೆವಳುವುದನ್ನು ಶುರುಮಾಡಿದರು. ಅತ್ತೆ ಹೊಸ ಟೇಪು ತಂದರು. ಆದರೆ ಅಳತೆ ಕೊಡಲು ಬಂದವರನ್ನು, ಕೈ ಖಾಲಿಯಿಲ್ಲ, ಮುಂದಿನ ವಾರ ಬನ್ನಿ ಎಂದು ಹಿಂದಕ್ಕೆ ಕಳಿಸಿದರು. ಖಾಲಿ ಕೈಯಲ್ಲಿ ಕೂತವರು ಹಾಗೆ ಹೇಳಿದ್ದನ್ನು ಕೇಳಿ ಸೊಸೆಗೆ ಸಂಕಟವಾಯಿತು.

ಒಂದು ಸಂಜೆ ಮಾವ ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡು ಕೂತರು.

"ನೋಡೇ, ಒಂದು ಕೆಲಸ ಮಾಡೋಣ. ಬೀದಿಯವರನ್ನೆಲ್ಲ ಕರೆಯೋಣ. ಒಂದೇ ಸಂಜೆ, ಎಲ್ಲಾ ಸೀಸೆ ಖಾಲಿ. ಹುಳಿಯಾಗೋ ಭಯಾನೇ ಇರಲ್ಲ. ಫ್ರಿಜ್ಜನ್ನ ಯಾರಿಗಾದ್ರೂ ಕೊಟ್ಟುಬಿಡೋಣ."

"ಖಾಲಿಯಾದ ಮೇಲೆ?"

"ಖಾಲಿಯಾದ ಮೇಲೆ ಏನಿದೆ? ಬಳ್ಳೀನೇ ಹೋಯ್ತಲ್ಲ. ನೀನು ಹೀಗೆ ಮುಖ ಸಪ್ಪೆ ಮಾಡ್ಕೊಂಡು ಕೂರೋದಕ್ಕಿಂತ ಅದೇ ವಾಸಿ."

ಅತ್ತೆ ಮುಖ ತಿರುಗಿಸಿ ಮಷಿನ್ನಿಗೆ ಸುಮ್ಮನೆ ಎಣ್ಣೆ ಬಿಡತೊಡಗಿದರು.

ಮರುದಿನ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟಾಗ ಹೊಲಿಗೆಕೋಣೆಯಿಂದ ಧೂಳು ಹೊರಬರುತ್ತಿತ್ತು. ಇಣುಕಿದರೆ, ಬಟ್ಟೆ ಕತ್ತರಿಸುವ ಎತ್ತರದ ಮೇಜಿನ ಕೆಳಗಿದ್ದ ತುಂಡುಬಟ್ಟೆಯ ಗಂಟುಗಳೆಲ್ಲ ಬಾಗಿಲಿಗೆ ಬಂದಿದ್ದವು. ಅತ್ತೆ ತಲೆಗೆ ಬಟ್ಟೆ ಕಟ್ಟಿಕೊಂಡು ಮೇಜಿನ ಕೆಳಗೆ ಹೊಕ್ಕಿದ್ದರು. ಕಾಣುತ್ತಿದ್ದುದು ಪಾದಗಳು ಮಾತ್ರ.

"ಅತ್ತೆ, ಏನು ಮಾಡ್ತಿದ್ದೀರ?"

"ಜಾಗ. ಬಡಗಿಗೆ ಫೋನ್ ಮಾಡು, ಅವನ ಕಬ್ಬಿಣದ ಟೇಪೂ ತರೋಕೆ ಹೇಳು. ಎರಡರಲ್ಲೂ ಅಳೀತೀನಿ."

"ಇಲ್ಲಿಗಾ? ಈ ಕೋಣೆಗೆ ವೈನ್ ಬರಬಾರದು ಅಂತ..."

"ಆ ಕಾಯಿದೆ ಮಾಡಿದ್ಯಾರು?"

"ನೀವು."

"ಹಾಗಾದ್ರೆ ಮುರಿಯೋಳೂ ನಾನೇ."

ಹಿಂದೆ ನಿಂತು ಕೇಳಿಸಿಕೊಂಡ ಮಾವ ಬೇಡವೆಂದರು, ನಿನ್ನ ಗಿರಾಕಿಗಳ ಬಟ್ಟೆ ಮತ್ತೆ ಹಾಳಾದರೆ ಎಂದರು. ಅತ್ತೆ ಮೇಜಿನ ಕೆಳಗಿನಿಂದಲೇ ಹೇಳಿದರು: "ಇಲ್ಲಿ ಇಡೋದಷ್ಟೇ. ತೆರೆಯೋದು ಹೊರಗೆ. ಒಂದು ಹನಿ ಬಿದ್ರೆ ನಿಮ್ಮನ್ನೂ ಫ್ರಿಜ್ಜಿನ ಜೊತೆ ಹೊರಗೆ ಹಾಕ್ತೀನಿ." ಮಾವ ಒಂದು ಗಂಟನ್ನು ಹೆಗಲಿಗೇರಿಸಿಕೊಂಡರು.

ಮೇಜಿನ ಕಾಲುಗಳ ನಡುವೆ ಫ್ರಿಜ್ಜು ಸಲೀಸಾಗಿ ಒಳಗೆ ಸರಿಯಿತು, ಆಚೀಚೆ ಅಂಗೈ ತೂರುವಷ್ಟು ಸಡಿಲ ಬಿಟ್ಟು. ಮಾವ ಸೀಸೆಗಳನ್ನು ಒಂದೊಂದಾಗಿ ಎದೆಗವಚಿಕೊಂಡು ತಂದು, ಹಳೆಯ ಬಸ್ಸಿನ ತಿರುವಿನಲ್ಲಿದ್ದ ಅದೇ ಎಚ್ಚರದಲ್ಲಿ ಮಲಗಿಸಿದರು. ಅತ್ತೆ ಬಾಗಿಲನ್ನು ಹಿಡಿದು ನಿಂತಿದ್ದರು.

ಆಮೇಲೆ ಎರಡು ಬೇಸಗೆ ಕಳೆದಿವೆ. ಒಂದು ಸೀಸೆಯೂ ಹುಳಿಯಾಗಿಲ್ಲ. ಅಳತೆ ಕೊಡಲು ಬಂದವರು ಗಾಜಿನ ಬಾಗಿಲಿನ ಕಡೆ ಕಣ್ಣು ಹಾಯಿಸಿ, ಒಂದು ಲೋಟ ಸಿಗುತ್ತದೆಯೇ ಎಂದು ಕೇಳುವುದುಂಟು. "ಅವರನ್ನ ಕೇಳಿ" ಎನ್ನುತ್ತಾರೆ ಅತ್ತೆ. ಮಾವ ಹೊಲಿಗೆಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಾರೆ, ಕೇಳಿಸದವರ ಹಾಗೆ.

ಈಚೆಗೆ ಅತ್ತೆ ಮಧ್ಯಾಹ್ನದವರೆಗೆ ಮಾತ್ರ ಕತ್ತರಿ ಹಿಡಿಯುತ್ತಾರೆ. ನಿಂತು ನಿಂತು ಅವರ ಪಾದಗಳು ಊದಿಕೊಳ್ಳುತ್ತವೆ. ಊಟವಾದ ಮೇಲೆ ಮೇಜಿನ ಮುಂದೆ ಕುರ್ಚಿ ಎಳೆದು, ಬಟನ್ ಹೊಲಿಯಲು ಕೂತು, ಎರಡೂ ಅಂಗಾಲುಗಳನ್ನು ಫ್ರಿಜ್ಜಿನ ತಣ್ಣನೆಯ ಗಾಜಿಗೆ ಒತ್ತಿಡುತ್ತಾರೆ. ಮೊನ್ನೆ ಸೊಸೆ ರಜೆಯಲ್ಲಿದ್ದಳು, ಆ ಹೊತ್ತಿಗೆ ಒಳಗೆ ಹೋದಳು.

"ಕಾಲಿನ ಬಿಸಿ ಒಳಗೆ ಹೋಗುತ್ತೆ ಕಣೇ" ಎನ್ನುತ್ತಿದ್ದರು ಮಾವ.

"ಹೋಗ್ಲಿ. ನಾನು ಕೊಂಡಿದ್ದು. ಅಷ್ಟು ಕಷ್ಟ ಅನ್ನಿಸಿದ್ರೆ ಒಂದು ಸೀಸೆ ತೆಗೀರಿ, ಕುಡಿದುಬಿಡೋಣ."

"ಈ ಬಿಸಿಲು ಮುಗೀಲಿ."

"ಹೋದ ವರ್ಷಾನೂ ಇದನ್ನೇ ಹೇಳಿದ್ರಿ."

ಮಾವ ಪತ್ರಿಕೆಯ ಪುಟ ತಿರುವಿದರು. ಅತ್ತೆ ಕಾಲು ತೆಗೆಯಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿದು, ಮುಂದಿನ ಬಟನ್ನಿಗೆ ಕೈ ಚಾಚಿದರು.