ಸಂಗಮನಾಥನ ಹೆಸರಿನಲ್ಲಿ ಕಲಿತವಳು

ವಾಳೂಜಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸಂಗಮನಾಥ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಭಾಲ್ಕಿ ಕಡೆಯವನು, ವಯಸ್ಸು ಐವತ್ತೊಂದು. ಹದಿನೇಳು ವರ್ಷದ ಹಿಂದೆ ಅವನೂ ಗುತ್ತಿಗೆಯವನೇ. ನಾನು ಆಗ ಕಾರ್ಮಿಕ ಸಂಘದ ಮುಖಂಡ. ನಾವು ಹನ್ನೊಂದು ದಿನ ಗೇಟಿನ ಮುಂದೆ ಕೂತು, ಲಾಠಿ ತಿಂದು, ಅರವತ್ತು ಜನರನ್ನು ಕಾಯಂ ಮಾಡಿಸಿದೆವು. ಅವರಲ್ಲಿ ಇವನೂ ಒಬ್ಬ. ಕಾಯಂ ಆದ ಮನುಷ್ಯ ಎಷ್ಟು ಬೇಗ ಮರೆಯುತ್ತಾನೆ ಅನ್ನುವುದಕ್ಕೆ ಈ ಮಾತು ಎತ್ತಿದೆ.

ಎರಡು ವರ್ಷದ ಹಿಂದೆ ಪುಣೆಯ ಮುಖ್ಯ ಕಚೇರಿಯಿಂದ ಹುಕುಂ ಬಂತು. ದಾಸ್ತಾನು, ಹಾಜರಿ, ರವಾನೆ ಎಲ್ಲವೂ ಹಳೆಯ ಸರ್ವರ್ ಬಿಟ್ಟು ಇಂಟರ್ನೆಟ್ ಮೇಲಿನ ಕ್ಲೌಡಿಗೆ ಹೋಗಬೇಕು. ಹಿಂದೆಯೇ ಎಐ ಬರುತ್ತದೆ. ಕಂಪ್ಯೂಟರಿನವರೆಲ್ಲ ವರ್ಷಕ್ಕೆ ನಲವತ್ತು ಗಂಟೆ ಆನ್‌ಲೈನ್ ಪಾಠ ಕಲಿತು ಪರೀಕ್ಷೆ ಬರೆಯಬೇಕು. ಪಾಠವೆಂದರೆ ವಿಡಿಯೋ. ಅದು ಪೂರ್ತಿ ಓಡಬೇಕು, ಕೊನೆಗೆ ಹತ್ತು ಪ್ರಶ್ನೆ. ಇವರು ದನಿ ಬಂದ್ ಮಾಡಿ, ವಿಡಿಯೋ ಓಡಲು ಬಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಪ್ರಶ್ನೆ ಬಂದಾಗಲೇ ಫಜೀತಿ.

ಆ ವಿಭಾಗದಲ್ಲಿ ವೈಷ್ಣವಿ ಎಂಬ ಹುಡುಗಿ ಇದ್ದಳು. ಹುಮನಾಬಾದಿನ ಮನೆತನ, ಹುಟ್ಟಿ ಬೆಳೆದದ್ದು ಇಲ್ಲೇ. ಐದು ವರ್ಷದಿಂದ ಗುತ್ತಿಗೆ. ಗುತ್ತಿಗೆಯವರಿಗೆ ಪಾಠದ ಲಾಗಿನ್ ಕೊಡುತ್ತಿರಲಿಲ್ಲ. ಕಲಿಯುವುದೂ ಕಾಯಂ ಜನರ ಸವಲತ್ತು.

"ಪೋರಿ, ನನ್ನ ಪಾಸ್‌ವರ್ಡ್ ತಗೊ. ಕೈ ಖಾಲಿ ಇದ್ದಾಗ ನನ್ನ ಪಾಠ ಓಡಿಸಿಬಿಡು" ಅಂದ ಸಂಗಮನಾಥ.

"ಪರೀಕ್ಷಾನೂ ನಾನೇ ಬರೀಲೇನ್ರಿ ಕಾಕಾ?"

"ಮತ್ತ? ನನ್ನ ಚಷ್ಮಾದ ನಂಬರ್ ಎಷ್ಟದ ಗೊತ್ತದೇನು?"

"ಚಷ್ಮಾದ್ ನಂಬರ್ ಬಿಡ್ರಿ, ನಿಮ್ಮ ಆಳಸ್ತನದ್ದು ಭಾಳ ಏರ್ಯದ" ಎಂದು ನಕ್ಕು ಬರೆದುಕೊಂಡಳು.

ಇದು ಗೊತ್ತಾಗಿ ಇನ್ನೂ ಐವರು ತಮ್ಮ ಪಾಸ್‌ವರ್ಡ್ ತಂದು ಅವಳ ಮೇಜಿನ ಮೇಲಿಟ್ಟರು. ಒಂದೊಂದು ಪಾಠವನ್ನೂ ಆರು ಸಲ ನೋಡಿದಳು. ಆರನೇ ಸಲಕ್ಕೆ ವಿಡಿಯೋದವನು ಬಾಯಿ ತೆರೆಯುವ ಮೊದಲೇ ಇವಳು ಹೇಳಿಬಿಡುತ್ತಿದ್ದಳು. ದಾಖಲೆಯಲ್ಲಿ ಸಂಗಮನಾಥನಿಗೆ ನೂರಾ ಹನ್ನೆರಡು ಗಂಟೆ, ನಾಲ್ಕು ಪ್ರಮಾಣಪತ್ರ. ಕಂಪನಿ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟಿತು. ಹೆಂಡತಿ ಪ್ರೇಮಾಬಾಯಿ ಆ ಫೋಟೋ ಬೀದರಿನ ನೆಂಟರ ತನಕ ಕಳಿಸಿದಳು. ವೈಷ್ಣವಿಯ ಹೆಸರಿನ ಮುಂದೆ ಸೊನ್ನೆ.

ಕಳೆದ ಜೂನ್‌ನಲ್ಲಿ ಕ್ಲೌಡಿನ ಕೆಲಸ ಮುಗಿಯುತ್ತಿದ್ದಂತೆ ಜನ ಕಡಿಮೆ ಮಾಡುವ ಪಟ್ಟಿ ಬಂತು. ತರಬೇತಿ ಇಲ್ಲದವರು ಮೊದಲು ಹೊರಗೆ. ವ್ಯವಸ್ಥಾಪಕ ಮಧುಕರ ಪಟ್ಟಿ ಹಿಡಿದು ಕೇಳಿದ: "ಸಂಗಮನಾಥರಾವ್, ಈ ವೈಷ್ಣವಿ ಹೆಂಗೆ? ತರಬೇತಿ ಸೊನ್ನೆ ಇದೆ. ಏನಾದರೂ ಬರುತ್ತದಾ ಅವಳಿಗೆ?"

ಬಾಯಿ ಬಿಡಬೇಕಾದ ಗಳಿಗೆ ಅದೇ. ಬಿಟ್ಟರೆ ನಾಲ್ಕು ಪ್ರಮಾಣಪತ್ರ ಹೋಗುತ್ತಿದ್ದವು. ಸಂಗಮನಾಥ ಹೇಳಿದ್ದು ಇಷ್ಟೇ: "ಹುಡುಗಿ ಒಳ್ಳೆಯವಳು, ಸಾಹೇಬ."

ಒಳ್ಳೆಯ ಹುಡುಗಿ ಶನಿವಾರ ಗುರುತಿನ ಚೀಟಿ ವಾಪಸ್ ಕೊಟ್ಟು ಹೋದಳು.

ಎರಡು ವಾರದ ಮೇಲೆ ಸಂಗಮನಾಥನನ್ನು ನಾಶಿಕ್‌ಗೆ ಕಳಿಸಿದರು. ಸಾತಪುರದಲ್ಲಿರುವ ಅದೇ ಕಂಪನಿಯ ಇನ್ನೊಂದು ಘಟಕದವರಿಗೆ ಹೊಸ ವ್ಯವಸ್ಥೆ ಕಲಿಸಬೇಕು. ನಲವತ್ತು ಜನ ಕೂತಿದ್ದರು. ಬೆಳಿಗ್ಗೆ ಹೇಗೋ ದಾಟಿತು. ಮಧ್ಯಾಹ್ನ ರವಾನೆ ವಿಭಾಗದ ವಸಂತಿ ಎದ್ದು ನಿಂತಳು: "ಸರ್, ನಮ್ಮಲ್ಲಿ ನೆಟ್ ಪದೇ ಪದೇ ಹೋಗುತ್ತದೆ. ಹೋದಾಗ ಮಾಲು ತುಂಬಿದ ಲಾರಿ ಗೇಟಿನಲ್ಲೇ ನಿಲ್ಲಬೇಕಾ?"

ಅವನಿಗೆ ಗೊತ್ತಿರಲಿಲ್ಲ. "ಒಂದು ಅರ್ಜೆಂಟ್ ಕರೆ" ಎಂದು ಹೊರಗೆ ಹೋಗಿ, ಮೆಟ್ಟಿಲ ಬಳಿ ನಿಂತು ಫೋನ್ ಹಚ್ಚಿದ. ಹಚ್ಚಿದ್ದು ವೈಷ್ಣವಿಗೆ.

"ಏಳನೇ ಪಾಠದಾಗ ಅದರಿ ಕಾಕಾ. ಸ್ಕ್ಯಾನ್ ಮಾಡೋ ಮಷೀನ್ ನೆಟ್ ಇಲ್ಲದಾಗ ತನ್ನಲ್ಲೇ ಬರಕೊಂಡು ಇಟ್ಕೋತದ. ನೆಟ್ ಬಂದ ಮ್ಯಾಗ ತಾನೇ ಮ್ಯಾಲ ಕಳಿಸ್ತದ. ಆದ್ರ ಆ ಸೆಟಿಂಗ್ ಮೊದಲೇ ಚಾಲೂ ಮಾಡಿ ಇಡಬೇಕರಿ." ಆಮೇಲೆ ಕೇಳಿದಳು: "ಊಟ ಆಯ್ತೇನ್ರಿ?"

ಅವಳು ಬೈದಿದ್ದರೆ ಬದುಕುತ್ತಿದ್ದೆ ಎಂದು ಆಮೇಲೆ ನನಗೆ ಹೇಳಿದ. ಒಳಗೆ ಹೋಗಿ ಅವಳ ಮಾತನ್ನೇ ಒಪ್ಪಿಸಿದ. ಜನ ಚಪ್ಪಾಳೆ ತಟ್ಟಿದರು.

ಮರುದಿನ ನೇರ ನನ್ನ ಮನೆಗೆ ಬಂದ. ಕುರ್ಚಿ ಎಳೆದುಕೊಟ್ಟರೂ ನೆಲದ ಮೇಲೆ ಕೂತು ಎಲ್ಲ ಕಕ್ಕಿದ. "ನೀವು ಅರ್ಜಿ ಬರದು ಕೊಡ್ರಿ, ನಾ ಸಹಿ ಹಾಕ್ತೀನಿ. ಆಕಿನ ವಾಪಸ್ ತಗೋಬೇಕು."

ನಾನು ಬರೆದೆ. ಸಂಘಕ್ಕಾಗಿ ನಲವತ್ತು ವರ್ಷ ಇದೇ ಮಾಡಿದ್ದೇನೆ. ಆರು ಜನರ ಹೆಸರು, ತಾರೀಖು, ಯಾರ ಪಾಠ ಯಾರು ಕಲಿತರು, ಯಾರ ಪರೀಕ್ಷೆ ಯಾರು ಬರೆದರು, ಎಲ್ಲ ಬಿಡಿಸಿ ಬರೆದೆ. ವೈಷ್ಣವಿಯ ಪೂರ್ತಿ ಹೆಸರನ್ನೂ ಬರೆದೆ. ಆ ಕಾಗದ ಕೊಡಲು ಮಧುಕರನ ಎದುರು ನಿಂತಾಗ ಸಂಗಮನಾಥನಿಗೆ ಮೊದಲ ಸಲ ಎದೆ ಹಗುರಾಯಿತಂತೆ.

ಕಂಪನಿ ವಿಚಾರಣೆ ನಡೆಸಿತು. ಆರು ಮಂದಿಗೆ ಎಚ್ಚರಿಕೆ ಪತ್ರ, ಪ್ರಮಾಣಪತ್ರ ರದ್ದು. ಸಂಗಮನಾಥನನ್ನು ಉಗ್ರಾಣದಲ್ಲಿ ಲೇಬಲ್ ಮುದ್ರಿಸಲು ಕೂರಿಸಿದರು. ಕಾಯಂ ಆಗಿದ್ದಕ್ಕೆ ನೌಕರಿ ಉಳಿಯಿತು. ವೈಷ್ಣವಿಯ ಬಗ್ಗೆ ಗುತ್ತಿಗೆದಾರ ಏಜೆನ್ಸಿಗೆ ಒಂದೇ ಸಾಲು ಹೋಯಿತು: ಬೇರೆಯವರ ಹೆಸರಿನಲ್ಲಿ ಪರೀಕ್ಷೆ ಬರೆದವಳು. ಆ ಹೊತ್ತಿಗೆ ಅವಳಿಗೆ ನಾಶಿಕ್‌ನ ಬೇರೊಂದು ಕಂಪನಿಯಲ್ಲಿ ಕೆಲಸ ಗೊತ್ತಾಗಿ, ಸೇರುವ ತಾರೀಖೂ ಬಂದಿತ್ತು. ಸೇರಿಸಿಕೊಳ್ಳುವ ಮೊದಲು ಅವರು ಅವಳ ಬಗ್ಗೆ ಏಜೆನ್ಸಿಗೆ ಕೇಳಿದರು. ಕೆಲಸ ಹೋಯಿತು.

ನಾವಿಬ್ಬರೂ ಅವಳ ಮನೆಗೆ ಹೋದೆವು. ಬಾಗಿಲಿಗೆ ಬಂದಳು. ಒಳಗೆ ಬನ್ನಿ ಅನ್ನಲಿಲ್ಲ.

"ವೈಷ್ಣವಿ, ನಿನಗ ನ್ಯಾಯ ಸಿಗಲಿ ಅಂತ..." ಎಂದು ಸಂಗಮನಾಥ ಶುರು ಮಾಡಿದ.

"ನನ್ನ ಫೋನ್ ನಂಬರ್ ನಿಮ್ಮ ಹತ್ರ ಇತ್ತಲ್ರಿ ಕಾಕಾ. ನಾಶಿಕ್‌ದಾಗ ಅಡಚಣಿ ಬಂದಾಗ ಹಚ್ಚಿದ್ರಿ. ನನ್ನ ಹೆಸರು ಬರಿಯೋಕಿಂತ ಮೊದಲು ಒಂದ್ಸಲ ಹಚ್ಚಿ ಕೇಳಬೇಕು ಅನಸಲಿಲ್ಲೇನು?" ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಗುತ್ತಿಗೆಯವರ ಸಲುವಾಗಿ ಮೋರ್ಚಾ ಮಾಡಿದವರಲ್ರಿ ಅಜ್ಜಾ? ನಿಮಗರೆ ತಿಳೀಬಾರದಾ?"

ಯಂತ್ರದ ಮುಂದೆ ನಿಂತ ಗುತ್ತಿಗೆಯವರಿಗಾಗಿ ಗಂಟಲು ಹರಿದುಕೊಂಡವನು ನಾನು. ಕಂಪ್ಯೂಟರ್ ಮುಂದೆ ಕೂತವರನ್ನು ಕಾರ್ಮಿಕರೆಂದು ಒಂದು ದಿನವೂ ಎಣಿಸಿರಲಿಲ್ಲ. ಅರ್ಜಿ ಬರೆಯುವಾಗಲೂ ಅವಳು ನನಗೆ ಒಂದು ಪುರಾವೆ ಅಷ್ಟೇ ಆಗಿದ್ದಳು.

"ಈಗ ಏನ್ ಮಾಡಬೇಕು ಹೇಳವ್ವಾ, ಮಾಡ್ತೀವಿ" ಅಂದ ಸಂಗಮನಾಥ.

"ಏನೂ ಮಾಡಬ್ಯಾಡ್ರಿ. ಹೊರಗ ರೊಕ್ಕ ಕಟ್ಟೀನಿ, ಮುಂದಿನ ತಿಂಗಳು ಅದೇ ಕ್ಲೌಡಿನ ಪರೀಕ್ಷಾ ನನ್ನ ಹೆಸರಿಲೆ ಕುಂದ್ರತೀನಿ. ನೀವು ಮಾತ್ರ ನನ್ನ ಸಲುವಾಗಿ ಯಾರ ಹತ್ರಾನೂ ಮಾತಾಡಬ್ಯಾಡ್ರಿ."

ಬಾಗಿಲು ಮುಚ್ಚಿಕೊಂಡಿತು. ನಾವು ಚಪ್ಪಲಿಯನ್ನೇ ಬಿಟ್ಟಿರಲಿಲ್ಲ. ಹಾಗೇ ತಿರುಗಿ ಮೆಟ್ಟಿಲಿಳಿದೆವು.