ಹೊಲಿಗೆಗೆ ಬಿಟ್ಟ ಎರಡು ಇಂಚು

ಮನೆಯಲ್ಲೇ ಬ್ಲೌಸ್ ಹೊಲಿಯುವವಳು ನಾನು. ಕಪಾಟಿಗೂ ಗೋಡೆಗೂ ನಡುವಿನ ಸಣ್ಣ ಸಂದಿಯಲ್ಲಿ ಹೊಲಿಗೆ ಮಷೀನು ಕೂರಿಸಲು ಮುಚ್ಚಳವಿರುವ ಮೇಜು ಬೇಕಿತ್ತು. ಅಂಗಡಿಯವು ದುಬಾರಿ, ಅಗಲವೂ ಜಾಸ್ತಿ. ಹಾಗಾಗಿ ಆಳಂದದ ಬಸ್‌ಸ್ಟ್ಯಾಂಡ್ ಹಿಂದೆ ಕೂರುವ ಬಡಗಿ ಚಾಚಾನಿಗೆ ಅಳತೆಯ ಚೀಟಿ ಕೊಟ್ಟೆ.

ಚೀಟಿ ನೋಡಿ ಚಾಚಾ ಕೇಳಿದರು: “ಇದು ಸಂದಿ ಅಳತೀನೋ, ಹೊಲಿಗಿಗೆ ಬಿಟ್ಟ ಅಳತೀನೋ, ಬೇಟಿ?”

“ಅಳತಿ ತಗೊಳ್ಳೋದು ನನಗ ಕಲಸ್ತೀರೇನ್ರಿ ಚಾಚಾ?” ಎಂದು ರೇಗಿದೆ.

“ಸಿಟ್ಟಾಗಬ್ಯಾಡ. ನಮ್ಮ ಮನಿಯಾಕಿನೂ ಟೇಲರ್. ಕಿಟಕಿ ಅಳತೀನೂ ಎರಡು ಇಂಚು ಹೆಚ್ಚಿಗೇ ಬರೀತಾಳ. ಇನ್ನೊಮ್ಮೆ ಅಳದು ಬಾ, ಆಮ್ಯಾಲ ಹಲಗಿ ಕೊಯ್ತೇನಿ.”

ಮನೆಗೆ ಬಂದು ಟೇಪ್ ಹಿಡಿದೆ. ಸರಿಯಾಗಿ ಎರಡು ಇಂಚು ಹೆಚ್ಚಿತ್ತು! ಮುಂದೆ ಬಿಚ್ಚಿ ಸಡಿಲ ಮಾಡಿಕೊಳ್ಳಲೆಂದು ಬ್ಲೌಸಿನೊಳಗೆ ಬಿಡುವಷ್ಟನ್ನೇ ನನ್ನ ಕೈ ತಾನಾಗಿ ಸೇರಿಸಿಬಿಟ್ಟಿತ್ತು.

ಚಾಚಾ ಹಳೇ ಬಾಗಿಲಿನ ಹಲಗೆಯಲ್ಲಿ, ನನಗೆ ಎಟಕುವ ಬೆಲೆಗೆ ಮೇಜು ಮಾಡಿಕೊಟ್ಟರು. ಅಳತೆ ಕೊಟ್ಟು ಹೊಲಿಸಿದಂತೆ ಸಂದಿಯಲ್ಲಿ ಕೂತಿದೆ. ದಿನಾ ಮುಚ್ಚಳ ತೆರೆಯುವಾಗ ಅವರನ್ನು ನೆನೆಯುತ್ತೇನೆ.

ಬ್ಲೌಸಿನಲ್ಲಿ ಮಾತ್ರ ಈಗಲೂ ಎರಡು ಇಂಚು ಬಿಡುತ್ತೇನೆ. ಗಿರಾಕಿಗಳು ಅಗಲ ಆಗ್ತಾರೆ, ಸಂದಿ ಆಗೋದಿಲ್ಲ.